ಹದಾಸ್ಸಾ ಆಸ್ಪತ್ರೆಯ ಶಗಾಲ್ ಕಿಟಕಿಗಳು: ನೋಡ್ಲೇಬೇಕು, ಆದ್ರೆ ಬೈಬಲ್‌ನ ಆದಿಕಾಂಡ ಓದ್ಕೊಂಡು ಹೋಗಿ

ಜೆರುಸಲೇಮಿಗೆ ಬರುವ ನಮ್ಮ ಕಡೆಯ ಟೂರ್ ಗ್ರೂಪಿನವ್ರು ಐನ್ ಕೆರೆಮ್‌ಗೆ ಬಂದೇ ಬರ್ತಾರೆ, ಸ್ನಾನಿಕನಾದ ಯೋಹಾನ ಹುಟ್ಟಿದ ಊರು ಅಂತ ಅಲ್ಲಿಯ ಚರ್ಚ್ ನೋಡ್ತಾರೆ, ಫೋಟೋ ತೆಗೀತಾರೆ, ಬಸ್ಸು ಹತ್ತಿ ಬೆತ್ಲೆಹೇಮಿಗೆ ಹೋಗ್ತಾರೆ. ಅಲ್ಲೇ ಮೇಲೆ ಗುಡ್ಡದಲ್ಲಿ ಹದಾಸ್ಸಾ ಆಸ್ಪತ್ರೆ ಉಂಟು, ಆ ಆಸ್ಪತ್ರೆಯ ಒಳಗೆ ಒಂದು ಸಿನಗಾಗ್, ಅಂದ್ರೆ ಯೆಹೂದಿಗಳ ಪ್ರಾರ್ಥನಾಮಂದಿರ ಉಂಟು, ಅದರಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಮಾಡಿದ ಹನ್ನೆರಡು ಬಣ್ಣದ ಗಾಜಿನ ಕಿಟಕಿಗಳು ಉಂಟು ಅಂತ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ನಮ್ಮ ಮಂಗಳೂರು, ಉಡುಪಿ ಕಡೆಯ ಜನ ಎಷ್ಟೋ ಸಲ ಅಜ್ಜ-ಅಜ್ಜಿಯರನ್ನು ಅದೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೇವೆ, ಒಪಿಡಿಯಲ್ಲಿ ಕೂತು ವಾಪಸ್ ಬರ್ತೇವೆ, ಕಿಟಕಿ ನೋಡುವುದಿಲ್ಲ. ಅವರಿಗೋಸ್ಕರವೇ ಈ ರಿವ್ಯೂ. ನನ್ನ ಮಟ್ಟಿಗೆ ಐದಕ್ಕೆ ಐದು ಸ್ಟಾರ್.

ಮೊದಲು ಜಾಗ ಹೇಗುಂಟು ಅಂತ ಹೇಳ್ತೇನೆ. ತುಂಬಾ ದೊಡ್ಡ ಸಿನಗಾಗ್ ಅಂತ ಅಂದುಕೊಂಡು ಹೋಗ್ಬೇಡಿ. ನೀವು ಕೆಳಗೆ ಬೆಂಚಿನಲ್ಲಿ ಕೂರ್ತೀರಿ, ಕಿಟಕಿಗಳು ತಲೆಯ ಮೇಲೆ ಚೌಕಾಕಾರದಲ್ಲಿ, ನಾಲ್ಕು ಗೋಡೆಗೆ ಮೂರು ಮೂರರಂತೆ. ಒಂದೊಂದು ಸುಮಾರು 11 ಅಡಿ ಎತ್ತರ, 8 ಅಡಿ ಅಗಲ. ಹದಾಸ್ಸಾ ಅನ್ನುವುದು ಹೆಂಗಸರ ಸಂಸ್ಥೆ, 1912ರಲ್ಲಿ ಹೆನ್ರಿಯೆಟ್ಟಾ ಸೋಲ್ಡ್ ಅಮೆರಿಕದಲ್ಲಿ ಶುರು ಮಾಡಿದ್ದು, ಆ ಸಂಸ್ಥೆಯವರೇ ಈ ಆಸ್ಪತ್ರೆ ಕಟ್ಟಿದ್ದು, ಆ ಸಂಸ್ಥೆಯವರೇ ಶಗಾಲ್ ಹತ್ರ ಕಿಟಕಿ ಮಾಡಿಕೊಡಿ ಅಂತ ಕೇಳಿದ್ದು. ಫ್ರಾನ್ಸಿನ ರೀಮ್ಸ್ ಊರಿನ ಗಾಜಿನ ಕೆಲಸಗಾರ ಶಾರ್ಲ್ ಮಾರ್ಕ್ ಜೊತೆ ಸೇರಿ ಶಗಾಲ್ ಇದನ್ನು ಮಾಡಿದ್ರು, 1961ರಲ್ಲಿ ಪ್ಯಾರಿಸ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಪ್ರದರ್ಶನಕ್ಕೆ ಇಟ್ಟು, 1962ರ ಫೆಬ್ರವರಿಯಲ್ಲಿ ಇಲ್ಲಿ ಕೂರಿಸಿದ್ರು. ಮಾಮೂಲಾಗಿ ಚರ್ಚಿನ ಬಣ್ಣದ ಗಾಜಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ತುಂಡು ಗಾಜು, ನಡುವೆ ಸೀಸದ ಪಟ್ಟಿ ಅಲ್ವಾ, ಈ ಮಾರ್ಕ್ ಅನ್ನುವವರು ಒಂದೇ ಗಾಜಿನ ಮೇಲೆ ಮೂರು ಬಣ್ಣದವರೆಗೆ ತರುವ ವಿಧಾನ ಮಾಡಿದ್ರು. ಹಾಗಾಗಿ ರೇಷ್ಮೆ ಸೀರೆಯಲ್ಲಿ ಒಡಲಿನ ಬಣ್ಣ ಸೆರಗಿನ ಬಣ್ಣಕ್ಕೆ ಕರಗಿದ ಹಾಗೆ ಇಲ್ಲಿ ನೀಲಿ ಹಸಿರಿಗೆ ಜಾರ್ತದೆ, ಹಸಿರು ಹಳದಿಗೆ. 1967ರ ಯುದ್ಧದಲ್ಲಿ ಕಿಟಕಿಗಳಿಗೆ ಪೆಟ್ಟು ಬಿದ್ದಿತ್ತು, ಆಮೇಲೆ ಶಗಾಲೇ ಸರಿ ಮಾಡಿಕೊಟ್ರು.

ಬಣ್ಣ ಚಂದ ಉಂಟು ಅಂತ ಯಾರು ಬೇಕಾದ್ರೂ ಹೇಳ್ತಾರೆ. ನನಗೆ ಹೇಳ್ಲಿಕ್ಕಿರುವುದು ಅದಲ್ಲ. ಈ ಹನ್ನೆರಡು ಕಿಟಕಿ ಅಂದ್ರೆ ಯಾಕೋಬನ ಹನ್ನೆರಡು ಗಂಡುಮಕ್ಕಳು, ಇಸ್ರಾಯೇಲಿನ ಕುಲಗಳ ಮೂಲಪುರುಷರು. ಯಾಕೋಬನಷ್ಟು ಮಕ್ಕಳಲ್ಲಿ ಭೇದ ಮಾಡಿದ ಅಪ್ಪ ಇಡೀ ಬೈಬಲ್‌ನಲ್ಲಿ ಸಿಗುವುದು ಕಷ್ಟ, ಅಂಥವನ ಮಕ್ಕಳನ್ನು ಚಿತ್ರ ಮಾಡುವಾಗ ಚಿತ್ರಕಾರ ಏನು ಮಾಡಿದ್ದಾನೆ ಅಂತ ನೋಡುವುದೇ ಇಲ್ಲಿಯ ಮಜ. ನಾನು ಫೋನಿಗೆ ಹಾಕಿಕೊಂಡಿದ್ದ ಒಂದು ಟೂರ್ ಕಂಪೆನಿಯ ಆಡಿಯೋ ಗೈಡ್‌ನಲ್ಲಿ ಈ ವಿಷಯದ ಬಗ್ಗೆ ಒಂದು ಮಾತಿಲ್ಲ. ನೀಲಿ ಅಂದ್ರೆ ಆಕಾಶ, ಹಸಿರು ಅಂದ್ರೆ ಸಮೃದ್ಧಿ, ಮೀನು ಅಂದ್ರೆ ಸಮುದ್ರ, ಅಷ್ಟೇ. ದುಡ್ಡು ಕೊಟ್ಟು ತಗೊಂಡದ್ದು, ಬೇಸರ ಆಯ್ತು. ಅಣ್ಣತಮ್ಮಂದಿರು ಒಬ್ಬ ತಮ್ಮನನ್ನು ಗುಂಡಿಗೆ ಹಾಕಿ 20 ಬೆಳ್ಳಿ ನಾಣ್ಯಕ್ಕೆ ಮಾರಿದ ಕಥೆಯನ್ನು ಬಿಟ್ಟು ಈ ಕಿಟಕಿಗಳ ಬಗ್ಗೆ ಹೇಗೆ ಮಾತಾಡ್ಲಿಕ್ಕೆ ಆಗ್ತದೆ?

ಸಂಡೇ ಸ್ಕೂಲಿಗೆ ಹೋದವರಿಗೆ ಕಥೆ ಗೊತ್ತುಂಟು, ಆದ್ರೂ ನೆನಪು ಮಾಡ್ತೇನೆ. ಯಾಕೋಬನಿಗೆ ಬೇಕಿದ್ದದ್ದು ರಾಹೇಲ್, ಮಾವ ಮದುವೆ ಮಾಡಿಸಿದ್ದು ಮೊದಲು ಅವಳ ಅಕ್ಕ ಲೇಯಾಳನ್ನು. ಲೇಯಾಳಿಗೆ ಆರು ಗಂಡುಮಕ್ಕಳು, ದಾಸಿಯರಾದ ಬಿಲ್ಹಾ ಮತ್ತು ಜಿಲ್ಪಾಗೆ ಇಬ್ಬಿಬ್ಬರು, ರಾಹೇಲ್‌ಗೆ ತುಂಬಾ ತಡವಾಗಿ ಯೋಸೇಫ, ಆಮೇಲೆ ಬೆನ್ಯಾಮೀನ್, ಅವನನ್ನು ಹೆರುವಾಗಲೇ ಅವಳು ತೀರಿಹೋದಳು. ಯೋಸೇಫನಿಗೆ 17 ವರ್ಷ ಆಗುವಾಗ ಅಪ್ಪ ಅವನಿಗೊಬ್ಬನಿಗೇ ವಿಶೇಷದ ನಿಲುವಂಗಿ ಹೊಲಿಸಿಕೊಟ್ಟ. ಅಣ್ಣಂದಿರಿಗೆ ಅವನ ಹತ್ರ ನೆಟ್ಟಗೆ ಒಂದು ಮಾತಾಡ್ಲಿಕ್ಕೂ ಆಗದಷ್ಟು ಹೊಟ್ಟೆಕಿಚ್ಚು. ಕೊನೆಗೆ ಮಾರಿಬಿಟ್ರು, ಆಡಿನ ರಕ್ತದಲ್ಲಿ ಅದೇ ನಿಲುವಂಗಿ ಅದ್ದಿ ಅಪ್ಪನಿಗೆ ತೋರಿಸಿದ್ರು. ಈ ಯಾಕೋಬನೇ ಹಿಂದೊಮ್ಮೆ ಕೈಗೆ ಆಡಿನ ಚರ್ಮ ಸುತ್ತಿಕೊಂಡು, ಅಣ್ಣ ಏಸಾವನ ಬಟ್ಟೆ ಹಾಕ್ಕೊಂಡು, ಕಣ್ಣು ಕಾಣದ ಅಪ್ಪ ಇಸಾಕನಿಗೆ ಮೋಸ ಮಾಡಿ ಆಶೀರ್ವಾದ ತಗೊಂಡಿದ್ದ. ಅಲ್ಲಿಯೂ ಅಪ್ಪನಿಗೆ ಏಸಾವ ಮುದ್ದು, ಅಮ್ಮನಿಗೆ ಯಾಕೋಬ ಮುದ್ದು. ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಅದೇ ಆಡು, ಅದೇ ಬಟ್ಟೆ. ಯೆಹೂದಿ ಗುರುಗಳು ಇದನ್ನು ತೇಲಿಸಿ ಬಿಡ್ಲಿಲ್ಲ, ಅವರ ಹಳೇ ಶಾಸ್ತ್ರಗ್ರಂಥ ತಾಲ್ಮುಡ್‌ನಲ್ಲೇ ನೇರವಾಗಿ ಹೇಳಿದ್ದುಂಟು, ಮಕ್ಕಳ ನಡುವೆ ಒಬ್ಬನನ್ನು ಬೇರೆ ಮಾಡಿ ನೋಡ್ಬಾರದು, ಯಾಕೋಬ ಯೋಸೇಫನಿಗೆ ಉಳಿದವರಿಗಿಂತ ಎರಡು ಸೇಲಾ ತೂಕದ ಒಳ್ಳೆ ಉಣ್ಣೆ ಜಾಸ್ತಿ ಕೊಟ್ಟದ್ದಕ್ಕೇ ಅಣ್ಣಂದಿರಿಗೆ ಅಸೂಯೆ ಬಂದು ಕೊನೆಗೆ ನಮ್ಮ ಹಿರಿಯರು ಐಗುಪ್ತಕ್ಕೆ (ಈಜಿಪ್ಟಿಗೆ) ಇಳಿಯುವ ಹಾಗಾಯ್ತು ಅಂತ. ಎರಡು ಸೇಲಾ ಅಂದ್ರೆ ಜುಜುಬಿ ತೂಕ ಮಾರಾಯ್ರೆ.

ಈಗ ಕಿಟಕಿಗೆ ಬರುವ. ಶಗಾಲ್ ಆಧಾರ ಮಾಡಿಕೊಂಡದ್ದು ಎರಡು ಪಟ್ಟಿ. ಒಂದು ಆದಿಕಾಂಡ 49, ಯಾಕೋಬ ಸಾಯುವ ಮೊದಲು ಮಕ್ಕಳನ್ನೆಲ್ಲ ಹಾಸಿಗೆ ಹತ್ರ ಕರೆದು ಒಬ್ಬೊಬ್ಬನಿಗೆ ಹೇಳಿದ ಮಾತು. ಇನ್ನೊಂದು ಧರ್ಮೋಪದೇಶಕಾಂಡ 33, ಮೋಶೆ ಅದೇ ಕುಲಗಳಿಗೆ ಕೊಟ್ಟ ಆಶೀರ್ವಾದ. ಯಾಕೋಬನ ಮಾತು ಓದಿದ್ರೆ ಆಸ್ಪತ್ರೆ ಮಂಚದಲ್ಲಿ ಮಲಗಿದ ಎಷ್ಟೋ ಅಪ್ಪಂದಿರು ನೆನಪಾಗ್ತಾರೆ. ಯೆಹೂದನಿಗೆ ಐದು ವಚನ, ಯೋಸೇಫನಿಗೆ ಐದು ವಚನ. ಗಾದ್, ಆಶೇರ್, ನಫ್ತಾಲಿಗೆ ಒಂದೊಂದು ವಚನದಲ್ಲಿ ಮುಗೀತು. ಚೊಚ್ಚಲ ಮಗ ರೂಬೇನ್‌ಗೆ ನೀನು ನೀರಿನ ಹಾಗೆ ಚಂಚಲ, ನಿನಗೆ ಮೇಲ್ಮೆ ಇಲ್ಲ ಅಂತ ಎಲ್ಲರ ಎದುರಿಗೇ ಹೇಳಿಬಿಟ್ಟ. ಸಿಮೆಯೋನ್ ಮತ್ತು ಲೇವಿಗೆ ಆಶೀರ್ವಾದ ಅಲ್ಲ, ಅವರ ಕೋಪಕ್ಕೆ ಶಾಪ.

ಅಪ್ಪ ಹಾಗೆ ಹಂಚಿದ. ಶಗಾಲ್ ಹನ್ನೆರಡು ಜನರಿಗೂ ಒಂದೇ ಅಳತೆಯ ಕಿಟಕಿ ಕೊಟ್ಟ. ಐದು ವಚನದವನಿಗೂ ಅಷ್ಟೇ, ಒಂದು ವಚನದವನಿಗೂ ಅಷ್ಟೇ, ಬೈಸಿಕೊಂಡವನಿಗೂ ಅಷ್ಟೇ. ಇದು ಮೊದಲು ಗಮನಕ್ಕೆ ಬರುವುದಿಲ್ಲ, ಕಿಟಕಿ ಅಂದಮೇಲೆ ಒಂದೇ ಅಳತೆ ಇರ್ತದಲ್ಲ ಅಂತ ಅನಿಸ್ತದೆ. ಆದ್ರೆ ಯಾಕೋಬನ ಮಾತು ತಲೆಯಲ್ಲಿ ಇಟ್ಟುಕೊಂಡು ಮೇಲೆ ನೋಡಿದ್ರೆ ಆ ಒಂದೇ ಅಳತೆಯೇ ದೊಡ್ಡ ಮಾತು ಅನಿಸ್ತದೆ ನನಗೆ.

ಇನ್ನೊಂದು ವಿಷಯ. ಕಿಟಕಿಗಳು ಆದಿಕಾಂಡ 49ರ ಕ್ರಮದಲ್ಲೇ ಉಂಟು, ಆ ಕ್ರಮವನ್ನು ಮೂರು ಮೂರಾಗಿ ಲೆಕ್ಕ ಹಾಕಿದ್ರೆ ಹೆಚ್ಚುಕಡಿಮೆ ಅಮ್ಮಂದಿರ ಪ್ರಕಾರವೇ ವಿಂಗಡಣೆ ಆಗ್ತದೆ. ರೂಬೇನ್, ಸಿಮೆಯೋನ್, ಲೇವಿ, ಆಮೇಲೆ ಯೆಹೂದ, ಜೆಬುಲೂನ್, ಇಸ್ಸಾಕಾರ್, ಈ ಆರೂ ಲೇಯಾಳ ಮಕ್ಕಳು. ದಾನ್, ಗಾದ್, ಆಶೇರ್ ದಾಸಿಯರ ಮಕ್ಕಳು. ಕೊನೆಯ ಮೂರು ನಫ್ತಾಲಿ, ಯೋಸೇಫ, ಬೆನ್ಯಾಮೀನ್, ಅಂದ್ರೆ ರಾಹೇಲ್‌ಳ ದಾಸಿಯ ಮಗ ಒಬ್ಬ, ರಾಹೇಲ್‌ಳ ಸ್ವಂತ ಇಬ್ಬರು. ಮನೆಯೊಳಗಿನ ಆ ಬಿರುಕು ಪಟ್ಟಿಯ ಕ್ರಮದಲ್ಲೇ ಹಾಗೇ ಉಳಿದಿದೆ.

ಎಲ್ಲ ಹನ್ನೆರಡನ್ನೂ ನಾನು ವಿವರಿಸುವುದಿಲ್ಲ, ಎರಡು ಮೂರು ಮಾತ್ರ ಹೇಳ್ತೇನೆ. ರೂಬೇನ್ ತಿಳಿನೀಲಿ, ಕೆಳಗೆ ನೀರು, ಮೀನು, ಮೇಲೆ ಹಕ್ಕಿಗಳು. ನೀರಿನ ಹಾಗೆ ಚಂಚಲ ಅಂತ ಅಪ್ಪ ಬೈದದ್ದನ್ನೇ ತಗೊಂಡು ಶಗಾಲ್ ಅದರಲ್ಲಿ ಜೀವ ತುಂಬಿಸಿದ್ದಾನೆ, ಬೈಗುಳವೇ ಸಮುದ್ರ ಆಗಿದೆ. ಇಲ್ಲಿ ಒಂದು ನೆನಪಿಟ್ಟುಕೊಳ್ಳಿ, ಗುಂಡಿಯಿಂದ ಯೋಸೇಫನನ್ನು ಬಿಡಿಸಿ ಅಪ್ಪನಿಗೆ ವಾಪಸ್ ಕೊಡ್ಬೇಕು ಅಂತ ಯೋಚನೆ ಮಾಡಿದವನು ಈ ರೂಬೇನೇ. ಶಗಾಲ್ ಕೂಡ ಹಿರಿ ಮಗ, ಈಗಿನ ಬೆಲಾರೂಸ್‌ನ ವಿತೆಬ್ಸ್ಕ್ ಊರಿನಲ್ಲಿ 1887ರಲ್ಲಿ ಹುಟ್ಟಿದವರು, ಒಂಬತ್ತು ಮಕ್ಕಳಲ್ಲಿ ಮೊದಲನೆಯವರು. ಆ ಕಿಟಕಿಯ ಮೇಲೆ ಅವರಿಗೆ ಸ್ವಲ್ಪ ಜಾಸ್ತಿ ಪ್ರೀತಿ ಇತ್ತೋ ಏನೋ ಅಂತ ನನಗೆ ಅನಿಸಿದ್ದುಂಟು.

ನನಗೆ ತುಂಬಾ ತಾಗಿದ್ದು ಸಿಮೆಯೋನ್. ಕಡುನೀಲಿ, ಸಂಜೆ ಕತ್ತಲಾಗುವ ಬಣ್ಣ, ನಡುನಡುವೆ ಕೆಂಪು. ಇವನಿಗೆ ಯಾಕೋಬನ ಹತ್ರ ಸಿಕ್ಕಿದ್ದು ಶಾಪ, ಲೇವಿಗೂ ಅದೇ ಶಾಪ, ಒಂದೇ ಉಸಿರಿನಲ್ಲಿ ಇಬ್ಬರಿಗೂ. ಆದ್ರೆ ಮುಂದೆ ಲೇವಿಯ ಕುಲ ಯಾಜಕರ ಕುಲ ಆಯ್ತು, ಮೋಶೆ ಅವರಿಗೆ ದೊಡ್ಡ ಆಶೀರ್ವಾದ ಕೊಟ್ಟ, ಹಾಗಾಗಿ ಲೇವಿಯ ಕಿಟಕಿ ಫುಲ್ ಹಳದಿ, ನಡುವೆ ಆಜ್ಞೆಯ ಹಲಗೆಗಳು, ದೀಪಗಳು. ಸಿಮೆಯೋನ್‌ಗೆ? ಮೋಶೆಯ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ! ನಿಮ್ಮ ಬೈಬಲ್ ತೆಗೆದು ನೋಡಿ, ಧರ್ಮೋಪದೇಶಕಾಂಡ 33ರಲ್ಲಿ ಸಿಮೆಯೋನ್ ಇಲ್ಲ. ಅಪ್ಪ ಬೈದ, ಮೋಶೆ ಬಿಟ್ಟುಬಿಟ್ಟ, ಐಗುಪ್ತದಲ್ಲಿ ಯೋಸೇಫ ಒತ್ತೆ ಇಟ್ಟುಕೊಂಡದ್ದೂ ಇವನನ್ನೇ. ಅಂಥವನ ಕಿಟಕಿ ತಮ್ಮ ಲೇವಿಯ ಹಳದಿ ಕಿಟಕಿಯ ಮಗ್ಗುಲಲ್ಲೇ ಕತ್ತಲಾಗಿ ನಿಂತಿದೆ, ಆದ್ರೆ ಒಂದು ಇಂಚೂ ಕಡಿಮೆ ಇಲ್ಲ. ಬಣ್ಣ ಬದಲು ಮಾಡಿ ಅವನನ್ನು ಚಂದ ಮಾಡಿ ತೋರಿಸ್ಲಿಕ್ಕೆ ಶಗಾಲ್ ಹೋಗ್ಲಿಲ್ಲ, ಅದು ನನಗೆ ಇಷ್ಟ ಆಯ್ತು. ಕತ್ತಲೆಯನ್ನು ಕತ್ತಲೆಯಾಗಿಯೇ ಇಟ್ಟು ಜಾಗ ಮಾತ್ರ ಪೂರ್ತಿ ಕೊಟ್ಟಿದ್ದಾರೆ.

ಯೋಸೇಫನದ್ದು ಬಂಗಾರದ ಬಣ್ಣ. ಹಣ್ಣು ತುಂಬಿದ ಮರ, ಕುರಿಗಳು, ಕಿರೀಟ ಇಟ್ಟ ಹಕ್ಕಿ, ಮೇಲೆ ಶೋಫಾರ್ ಅನ್ನುವ ಊದುವ ಕೊಂಬು ಹಿಡಿದ ಕೈಗಳು. ಅದರಲ್ಲೊಂದು ಬಿಲ್ಲು-ಬಾಣವೂ ಉಂಟು, ಅದನ್ನು ಹುಡುಕಿ ನೋಡಿ. ಯಾಕೋಬನ ಆಶೀರ್ವಾದದಲ್ಲಿ ಬಿಲ್ಲುಗಾರರು ಅವನನ್ನು ಕಾಡಿದ್ರು, ಆದ್ರೂ ಅವನ ಬಿಲ್ಲು ಗಟ್ಟಿಯಾಗಿ ನಿಂತಿತು ಅಂತ ಬರ್ತದೆ. ಹಳೇ ಯೆಹೂದಿ ವ್ಯಾಖ್ಯಾನಕಾರ ರಾಶಿ ಅನ್ನುವವರು ಹೇಳುವ ಪ್ರಕಾರ ಅವನ ಬದುಕನ್ನು ಕಹಿ ಮಾಡಿದವರಲ್ಲಿ ಮೊದಲಿನವರು ಅವನ ಅಣ್ಣಂದಿರೇ. ಹಾಗಾದ್ರೆ ಅಪ್ಪ ಸಾಯುವ ಹೊತ್ತಿನಲ್ಲೂ, ಎಲ್ಲ ಮಕ್ಕಳು ಸುತ್ತ ನಿಂತಿರುವಾಗಲೂ, ಮರೀಲಿಲ್ಲ ಅಂತ ಆಯ್ತಲ್ಲ. ಅಷ್ಟು ಬೆಳಕಿನ ಕಿಟಕಿಯಲ್ಲಿ ಆ ಬಾಣ ಕಂಡ ಮೇಲೆ ಬಂಗಾರದ ಬಣ್ಣವನ್ನು ಬರೀ ಸಂತೋಷದ ಬಣ್ಣ ಅಂತ ನೋಡ್ಲಿಕ್ಕೆ ನನಗೆ ಆಗ್ಲಿಲ್ಲ.

ಈ ಕಿಟಕಿಗಳಲ್ಲಿ ಮನುಷ್ಯರ ಮುಖ ಒಂದೂ ಇಲ್ಲ. ಪ್ರಾರ್ಥನೆಯ ಜಾಗ, ಮೂರ್ತಿ ಮಾಡ್ಬಾರದು ಅನ್ನುವ ಆಜ್ಞೆ ಉಂಟು, ಹಾಗಾಗಿ ಪ್ರಾಣಿ, ಹಕ್ಕಿ, ಮೀನು, ಹಡಗು, ದೀಪ ಇಷ್ಟರಲ್ಲೇ ಇಡೀ ಸಂಸಾರದ ಕಥೆ. ಹಾಗಂತ ಯೆಹೂದಿ ಕಲೆಯಲ್ಲಿ ಮುಖವೇ ಇಲ್ಲ ಅಂತ ತಿಳ್ಕೊಳ್ಬೇಡಿ. 1320ರ ಸುಮಾರಿಗೆ ಸ್ಪೇನಿನ ಕಟಲೋನಿಯಾ ಕಡೆ ಮಾಡಿದ ಗೋಲ್ಡನ್ ಹಗ್ಗಾದಾ (ಹಗ್ಗಾದಾ ಅಂದ್ರೆ ಪಸ್ಕ ಹಬ್ಬದ ರಾತ್ರಿ ಓದುವ ಪುಸ್ತಕ), ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು, ಅದರಲ್ಲಿ ಕಾಯಿನ ಹೇಬೆಲನನ್ನು ಕೊಲ್ಲುವುದು, ಇಸಾಕ ಯಾಕೋಬನಿಗೆ ಆಶೀರ್ವಾದ ಮಾಡುವುದು, ಯೋಸೇಫ ಕನಸು ಹೇಳುವುದು, ಅವನನ್ನು ಗುಂಡಿಗೆ ಹಾಕುವುದು ಎಲ್ಲ ಬಂಗಾರದ ಹಿನ್ನೆಲೆಯಲ್ಲಿ, ಮುಖ ಸಮೇತ ಉಂಟು. ಅದಕ್ಕೂ ತುಂಬಾ ಹಿಂದೆ, 3ನೇ ಶತಮಾನದ ದುರಾ ಯುರೋಪೋಸ್ ಅನ್ನುವ ಹಳೇ ಊರಿನ ಸಿನಗಾಗ್‌ನ ಗೋಡೆಯಲ್ಲೇ ಯಾಕೋಬ ಮೊಮ್ಮಕ್ಕಳಿಗೆ ಆಶೀರ್ವಾದ ಮಾಡುವ ಚಿತ್ರ ಇತ್ತು, ಅದೀಗ ಸಿರಿಯಾದ ದಮಸ್ಕದ ಮ್ಯೂಸಿಯಂನಲ್ಲಿ ಉಂಟು. ಇದೇ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ 1300ರ ಹೊತ್ತಿನ ಜರ್ಮನಿಯ ಒಂದು ಹಗ್ಗಾದಾ ಉಂಟು, ಅದರಲ್ಲಿ ಹೆಚ್ಚಿನ ಜನರಿಗೆ ಹಕ್ಕಿಯ ತಲೆ. ಮುಖ ತೋರಿಸಿದ್ರೆ ಹೊಟ್ಟೆಕಿಚ್ಚು ಯಾರದ್ದು ಅಂತ ಗೊತ್ತಾಗ್ತದೆ, ಅವನು ಕೆಟ್ಟವನು ಇವನು ಒಳ್ಳೆಯವನು ಅಂತ ನಾವು ಬೇಗ ತೀರ್ಮಾನ ಮಾಡ್ತೇವೆ. ಹದಾಸ್ಸಾದಲ್ಲಿ ಹಾಗೆ ಮಾಡ್ಲಿಕ್ಕೆ ದಾರಿಯೇ ಇಲ್ಲ. ಕತ್ತೆ, ಹಾವು, ತೋಳ, ಜಿಂಕೆ, ಇವುಗಳಲ್ಲಿ ಯಾರನ್ನು ಬೈಯುವುದು?

ನಾನು ನೋಡಿಕೊಳ್ಳುವ ಅಜ್ಜಿಯನ್ನು ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಗಿದ ಮೇಲೆ ಒಮ್ಮೆ ಒಳಗೆ ಕರ್ಕೊಂಡು ಹೋದೆ. ಕೈ ಹಿಡಿದು ಬೆಂಚಿನಲ್ಲಿ ಕೂರಿಸಿ, ಸಾವ್ತಾ (ಅಜ್ಜಿ), ಇದು ರೂಬೇನ್, ಇದು ಸಿಮೆಯೋನ್ ಅಂತ ತೋರಿಸ್ತಾ ಬಂದೆ. ಅವರು ಎಲ್ಲ ಕೇಳಿ, ದೀನಾ ಎಲ್ಲಿ ಅಂತ ಕೇಳಿದ್ರು. ದೀನಾ ಲೇಯಾಳ ಮಗಳು, ಈ ಹನ್ನೆರಡು ಜನರ ಸಹೋದರಿ. ಅವಳ ಮೇಲೆ ಶೆಕೆಮಿನಲ್ಲಿ ಬಲಾತ್ಕಾರ ಆದದ್ದಕ್ಕೇ ಸಿಮೆಯೋನ್ ಮತ್ತು ಲೇವಿ ಕತ್ತಿ ಹಿಡಿದದ್ದು, ಆ ಕತ್ತಿಗೇ ಅಪ್ಪನ ಶಾಪ. ಅವಳಿಗೆ ಕಿಟಕಿ ಇಲ್ಲ. ಹದಿಮೂರು ಮಕ್ಕಳು, ಹನ್ನೆರಡು ಕಿಟಕಿ, ಅದೂ ಹೆಂಗಸರೇ ದುಡ್ಡು ಸೇರಿಸಿ ಕಟ್ಟಿಸಿದ ಜಾಗದಲ್ಲಿ ಅಂತ ಅಜ್ಜಿ ಹೇಳಿದ್ರು. ಅವರ ಅಪ್ಪ ತಮ್ಮನನ್ನು ಓದಿಸಿದ್ರಂತೆ, ಇವರನ್ನು ಹೊಲಿಗೆ ಕೆಲಸಕ್ಕೆ ಕಳಿಸಿದ್ರಂತೆ. ಅಷ್ಟು ವರ್ಷ ಹಿಂದಿನ ಮಾತು, ತಮ್ಮ ತೀರಿಹೋಗಿಯೂ ಆಯ್ತು, ಆದ್ರೂ ಆ ವಿಷಯ ಬಂದ ಕೂಡಲೇ ಸ್ವರ ಬದಲಾಗ್ತದೆ. ಕುಲಗಳ ಲೆಕ್ಕ ಗಂಡುಮಕ್ಕಳದ್ದು, ಹಾಗಾಗಿ ಹನ್ನೆರಡೇ ಅನ್ನುವುದು ಗೊತ್ತುಂಟು, ಶಗಾಲ್ ಪಟ್ಟಿಯನ್ನು ಬದಲಿಸುವ ಹಾಗಿರ್ಲಿಲ್ಲ. ಆದ್ರೆ ಎಲ್ಲರಿಗೂ ಸಮ ಅಂತ ನಾನು ಹೇಳಿಕೊಂಡು ಬಂದ ಮಾತಿಗೆ ಅಜ್ಜಿ ಒಂದು ಮಿತಿ ಹಾಕಿದ್ರು, ಅದು ಸರಿಯಾದ ಮಾತು, ಹಾಗಾಗಿ ಇಲ್ಲಿ ಬರೀತಿದ್ದೇನೆ.

ಶುಕ್ರವಾರ ಸಂಜೆ ಅಜ್ಜಿಯ ಮನೆಗೆ ಅವರ ಮಗ ಬಂದ್ರೆ ಮೊಮ್ಮಕ್ಕಳ ತಲೆಯ ಮೇಲೆ ಕೈಯಿಟ್ಟು ಶಬ್ಬಾತಿನ (ಯೆಹೂದಿಗಳ ವಾರದ ವಿಶ್ರಾಂತಿ ದಿನದ) ಆಶೀರ್ವಾದ ಹೇಳ್ತಾರೆ. ಗಂಡುಮಕ್ಕಳಿಗೆ ದೇವರು ನಿನ್ನನ್ನು ಎಫ್ರಾಯೀಮ್, ಮನಸ್ಸೆಯರಂತೆ ಮಾಡಲಿ ಅಂತ, ಹೆಣ್ಣುಮಕ್ಕಳಿಗೆ ಸಾರಾ, ರೆಬೆಕ್ಕ, ರಾಹೇಲ್, ಲೇಯಾರಂತೆ ಅಂತ. ಎಫ್ರಾಯೀಮ್, ಮನಸ್ಸೆ ಅಂದ್ರೆ ಯೋಸೇಫನ ಮಕ್ಕಳು, ಆ ದಮಸ್ಕದ ಚಿತ್ರದಲ್ಲಿ ಇರುವ ಮೊಮ್ಮಕ್ಕಳು ಅವರೇ. ಅಲ್ಲಿಯೂ ಮುದುಕ ಯಾಕೋಬ ಕೈ ಅಡ್ಡ ಮಾಡಿ ಬಲಗೈಯನ್ನು ಕಿರಿಯನ ತಲೆ ಮೇಲೆ ಇಟ್ಟ, ಯೋಸೇಫ ಬೇಡಪ್ಪಾ ಅಂದ್ರೂ ಕೇಳ್ಲಿಲ್ಲ. ಆದ್ರೆ ಆ ಇಬ್ಬರು ಅದಕ್ಕಾಗಿ ಜಗಳ ಮಾಡಿದ್ರು ಅಂತ ಎಲ್ಲಿಯೂ ಬರುವುದಿಲ್ಲ, ಅದಕ್ಕೇ ಅವರ ಹೆಸರು ಹೇಳಿ ಹರಸುವುದು ಅಂತ ಇಲ್ಲಿಯವರು ಹೇಳ್ತಾರೆ.

ಅಪ್ಪ ಭೇದ ಮಾಡಿದ್ರೂ ಜಗಳ ಮಾಡದೆ ಇರುವ ಈ ಗುಣಕ್ಕಾಗಿಯೇ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡುವುದು ಯೆಹೂದನ ಕಿಟಕಿ. ಕಡುಕೆಂಪು, ಕೆಳಗೆ ಸಿಂಹ, ಮೇಲೆ ಎರಡು ಕೈ ಕಿರೀಟ ಹಿಡಿದುಕೊಂಡಿದೆ. ಯೋಸೇಫನನ್ನು ಮಾರುವ ಅಂತ ಐಡಿಯಾ ಕೊಟ್ಟದ್ದು ಈ ಯೆಹೂದ. ಅದೇ ಯೆಹೂದ, ವರ್ಷಗಳಾದ ಮೇಲೆ, ಐಗುಪ್ತದಲ್ಲಿ ಅಧಿಕಾರಿಯಾಗಿ ಕೂತವನು ತಮ್ಮ ಯೋಸೇಫ ಅಂತ ಗೊತ್ತಿಲ್ಲದೆ ಅವನ ಎದುರಿಗೆ ನಿಂತು, ಬೆನ್ಯಾಮೀನ್ ಬದಲಿಗೆ ನನ್ನನ್ನು ದಾಸನಾಗಿ ಇಟ್ಟುಕೊಳ್ಳಿ, ಹುಡುಗ ಇಲ್ಲದೆ ಹೋದ್ರೆ ಅಪ್ಪ ಸಾಯ್ತಾರೆ, ಅಪ್ಪನ ಜೀವ ಅವನಲ್ಲೇ ಉಂಟು ಅಂತ ಹೇಳ್ತಾನೆ. ಅದಕ್ಕೆ ಸ್ವಲ್ಪ ಮೊದಲು ಊಟಕ್ಕೆ ಕೂರಿಸಿದಾಗ ಯೋಸೇಫ ಬೇಕಂತಲೇ ಬೆನ್ಯಾಮೀನ್‌ಗೆ ಉಳಿದವರ ಐದು ಪಟ್ಟು ಬಡಿಸಿದ್ದ, ಅಣ್ಣಂದಿರು ಕಿಚ್ಚು ಪಡ್ಲಿಲ್ಲ. ಅಪ್ಪ ಬದಲಾಗ್ಲಿಲ್ಲ ಗಮನಿಸಿ, ಅಪ್ಪನ ಭೇದ ಹಾಗೇ ಉಂಟು, ಯೋಸೇಫನ ಬದಲು ಬೆನ್ಯಾಮೀನ್ ಅಷ್ಟೇ. ಬದಲಾದದ್ದು ಯೆಹೂದ. ಆ ಕಿಟಕಿಯ ಕೆಂಪನ್ನು ಆಡಿಯೋ ಗೈಡ್‌ನಲ್ಲಿ ರಾಜಕಳೆ ಅಂತ ಹೇಳ್ತಾರೆ, ದಾವೀದ ರಾಜನ ವಂಶ ಅಂತ. ಇರ್ಬಹುದು. ನನಗೆ ಅದರಲ್ಲಿ ಆಡಿನ ರಕ್ತವೂ ಕಾಣ್ತದೆ.

ಹೋಗುವವರಿಗೆ ಕೆಲವು ಮಾತು. ಇದು ಪ್ರಾರ್ಥನೆ ನಡೆಯುವ ಸಿನಗಾಗ್, ಆಸ್ಪತ್ರೆಯ ಒಳಗೆ ಬೇರೆ ಇರುವುದು, ಹಾಗಾಗಿ ಶಬ್ಬಾತ್ ಮತ್ತು ಹಬ್ಬದ ದಿನ ಬಿಟ್ಟು, ಸಮಯ ಮತ್ತು ಟಿಕೆಟ್ ವಿಚಾರವನ್ನು ಫೋನ್ ಮಾಡಿ ಕೇಳಿಯೇ ಹೋಗಿ. ಪೇಟೆಯಿಂದ ಆಸ್ಪತ್ರೆಗೆ ಬಸ್ಸು ಉಂಟು. ಗಂಡಸರು ತಲೆ ಮುಚ್ಚಿಕೊಳ್ಬೇಕು. ಕಿಟಕಿಗಳು ಎತ್ತರದಲ್ಲಿ ಇರುವುದರಿಂದ ಸಣ್ಣ ಸಣ್ಣ ವಿಷಯ ಕೆಳಗಿನಿಂದ ಸರಿ ಕಾಣುವುದಿಲ್ಲ, ಚಿಕ್ಕ ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ, ಕತ್ತು ನೋವಿನವರು ಒಂದು ಗೋಡೆ ನೋಡಿ ಸ್ವಲ್ಪ ಹೊತ್ತು ಕೂತು ಇನ್ನೊಂದು ನೋಡಿ. ನಾಲ್ಕು ದಿಕ್ಕಿಗೂ ಕಿಟಕಿ ಇರುವುದರಿಂದ ಬೆಳಿಗ್ಗೆ ಒಂದು ಕಡೆ ಉರಿದ್ರೆ ಮಧ್ಯಾಹ್ನದ ಮೇಲೆ ಇನ್ನೊಂದು ಕಡೆ, ಒಂದೇ ಹೊತ್ತಿಗೆ ಎಲ್ಲವೂ ಚಂದ ಕಾಣುವುದಿಲ್ಲ. ಬಿಸಿಲಿರುವ ದಿನವೇ ಹೋಗಿ. ಸ್ವಂತ ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಬರುವವರಿದ್ರೆ ಇನ್ನೂ ಒಳ್ಳೇದು.

ಹಿಂದಿನ ರಾತ್ರಿ ಆದಿಕಾಂಡ 37, ಆಮೇಲೆ 42ರಿಂದ 45, ಕೊನೆಗೆ 49 ಓದಿ, ಒಂದು ಗಂಟೆಯೂ ಬೇಡ. ನಮ್ಮ ಕನ್ನಡ ಬೈಬಲ್ ಆ್ಯಪ್ ಫೋನಿನಲ್ಲಿ ಇದ್ರೆ ಸಾಕು, ದುಡ್ಡು ಕೊಟ್ಟು ಯಾವ ಗೈಡೂ ತಗೊಳ್ಬೇಡಿ. ಊರಿನಿಂದ ಗ್ರೂಪಿನಲ್ಲಿ ಬರುವವರು ಟೂರ್ ಲೀಡರ್ ಹತ್ರ ಹೊರಡುವ ಮೊದಲೇ ಹೇಳಿ ಐನ್ ಕೆರೆಮ್ ದಿನದ ಪ್ರೋಗ್ರಾಮಿಗೆ ಇದನ್ನು ಸೇರಿಸಿಕೊಳ್ಳಿ, ಇಲ್ಲಿಗೆ ಬಂದ ಮೇಲೆ ಕೇಳಿದ್ರೆ ಟೈಮ್ ಇಲ್ಲ ಅಂತಾರೆ.